ತೂಗುಗುಂಡಿಗೆ ಇಂಗಿನ ಭಂಡಾರ

ನಮ್ಮ ಓಣಿಯ ದತ್ತಾತ್ರೇಯ ಮಾಸ್ತರರ ಕೈಗುಣದ ಬಗ್ಗೆ ಬದಾಮಿಯಲ್ಲಿ ಎರಡು ಅಭಿಪ್ರಾಯಗಳಿಲ್ಲ. ಅವರು ನಲ್ಲಿ ತಿರುಗಿಸಿದರೆ ನೀರು ಬರುವುದಿಲ್ಲ, ನಲ್ಲಿಯೇ ಕೈಗೆ ಬರುತ್ತದೆ. ಗ್ಯಾಸ್ ಸಿಲಿಂಡರ್ ಬದಲಿಸಲು ಕೂತರೆ ಅಕ್ಕಪಕ್ಕದ ಹೆಂಗಸರು ತಮ್ಮ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ. ಮನುಷ್ಯ ಮಾತ್ರ ಬಂಗಾರ. ಶಿವಯೋಗ ಮಂದಿರದ ದಾರಿಯಲ್ಲಿರುವ ಸಿದ್ದನಗೇರಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಚಾಲುಕ್ಯರ ವಂಶಾವಳಿಯನ್ನು ಒಂದೇ ಉಸಿರಿಗೆ ಹೇಳುತ್ತಾರೆ. ಆದರೆ ವಂಶಾವಳಿ ಹೇಳಿದರೆ ಉಪ್ಪಿನಕಾಯಿ ಬರಣಿಯ ಮುಚ್ಚಳ ತೆರೆಯುವುದಿಲ್ಲವಲ್ಲ, ಅಲ್ಲಿಂದಲೇ ಈ ಕಥೆ ಶುರುವಾಯಿತು.

ಜೂನ್ ತಿಂಗಳ ಮೊದಲ ವಾರ. ಮಳೆ ಬರುತ್ತೇನೆಂದು ಹೇಳಿ ಕಳಿಸಿ ಬಾರದೆ ಕೂತಿತ್ತು. ಸಂಜೆ ನಾವೆಲ್ಲ ಕಟ್ಟೆಯ ಮೇಲೆ ಗಾಳಿಗೆ ಕೂತಿದ್ದಾಗ ಮಾಸ್ತರರ ಹೆಂಡತಿ ಮಥುರಾಬಾಯಿ ಗಾಜಿನ ಬರಣಿಯೊಂದನ್ನು ತಂದು ಗಂಡನ ಕೈಗಿಟ್ಟರು. ಮಾಸ್ತರರು ಮುಚ್ಚಳ ತಿರುಗಿಸಿದರು. ತೊಡೆಯ ನಡುವೆ ಇಟ್ಟು ತಿರುಗಿಸಿದರು. ಲುಂಗಿಯ ಚುಂಗು ಸುತ್ತಿ ತಿರುಗಿಸಿದರು. ಮುಚ್ಚಳ ಇದ್ದಲ್ಲೇ ಇತ್ತು, ಮಾಸ್ತರರೇ ಅರ್ಧ ಸುತ್ತು ತಿರುಗಿ ಗೋಡೆಯ ಕಡೆ ಮುಖ ಮಾಡಿ ಕೂತರು. ಅಷ್ಟರಲ್ಲಿ ಪಕ್ಕದ ಮನೆಯ ತಬಸುಮ ಫೋನಿನಲ್ಲಿ ತವರಿನವರ ಜೊತೆ ಮಾತಾಡುತ್ತಲೇ ಬಂದಳು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಬರಣಿ ಇಸಿದುಕೊಂಡು, ಟಪ್ಪನೆ ತೆಗೆದುಕೊಟ್ಟು, ಮಾತು ಬಿಡದೆ ಹೊರಟುಹೋದಳು.

ಮಥುರಾಬಾಯಿ ಬಯ್ದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಅವರು ಬಯ್ಯಲಿಲ್ಲ. ನೆರೆಯವರ ಮುಂದೆ ಬಹಳ ಮೆತ್ತಗೆ, ರೋಗಿಯ ಬಗ್ಗೆ ಮಾತಾಡುವವರಂತೆ, "ಇವರ ಕೈಲೆ ಏನೂ ಅಳ್ಳಾಡೂದಿಲ್ಲ ಬಿಡ್ರಿ, ಪಾಪ" ಅಂದರು.

ಆ 'ಪಾಪ' ಮಾಸ್ತರರ ಎದೆಗೆ ನಾಟಿತು. ಅವರು ಎದ್ದು ನಿಂತು, ಬಲಗೈಯ ಕಿರುಬೆರಳನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು. "ಮಥುರಾ, ಈ ಕಿರಿಬಟ್ಟಿಲೆ ಮನಿಯಷ್ಟ ದೊಡ್ಡ ಗುಂಡಕಲ್ಲ ಅಳ್ಳಾಡಿಸ್ತೇನಿ. ಐತವಾರ ಬಾ, ತೋರಸ್ತೇನಿ."

ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ಬಿಸಿಲು ತಲೆಗೇರಿರಬೇಕೆಂದು ಒಬ್ಬರು ನೀರು ತರಲು ಹೋದರು.

ಆದರೆ ಮಾಸ್ತರರು ಹೇಳಿದ್ದು ಸುಳ್ಳಾಗಿರಲಿಲ್ಲ. ಸಿದ್ದನಗೇರಿಯ ಹಿಂದಿನ ಕೆಂಪುಗಲ್ಲಿನ ಗುಡ್ಡದ ಮೇಲೆ ಒಂದು ದೊಡ್ಡ ಗುಂಡು ಇದೆ. ಹಾಸುಬಂಡೆಯ ಮೇಲೆ ಬುಡ ಸಣ್ಣದು, ಹೊಟ್ಟೆ ದೊಡ್ಡದು ಮಾಡಿಕೊಂಡು ಯಾವ ಕಾಲದಿಂದಲೋ ನಿಂತಿದೆ. ಇಡೀ ಊರು ಸೇರಿ ನೂಕಿದರೂ ಜಗ್ಗುವುದಿಲ್ಲ. ಅಂಗೈಯಷ್ಟು ಅಗಲದ ಒಂದೇ ಒಂದು ಜಾಗವಿದೆ, ಅಲ್ಲಿ ಹಗುರಾಗಿ ಒತ್ತಿದರೆ ಸಾಕು, ಗುಂಡು ತೂಕಡಿಸುವ ಮುದುಕರ ಹಾಗೆ ನಿಧಾನಕ್ಕೆ ಆಚೆ ಹೋಗಿ ನಿಧಾನಕ್ಕೆ ಈಚೆ ಬರುತ್ತದೆ. ಊರಿನ ಕುರಿ ಕಾಯುವವರಿಗೆ ಇದೇನು ದೊಡ್ಡ ಸಂಗತಿಯಲ್ಲ. ಮಧ್ಯಾಹ್ನ ಅದಕ್ಕೆ ಬೆನ್ನು ಕೊಟ್ಟು, ತೂಗಿಸಿಕೊಳ್ಳುತ್ತ ನಿದ್ದೆ ಮಾಡುತ್ತಾರೆ. ಅವರು ಎದ್ದ ಮೇಲೆ ಕುರಿಗಳು ಬಂದು ಬೆನ್ನು ತಿಕ್ಕಿಕೊಳ್ಳುತ್ತವೆ.

ಮಾಸ್ತರರಿಗೆ ಇದು ಗೊತ್ತಾದದ್ದು ಹಿಂದಿನ ವಾರ. ಚಪ್ಪಲಿಯ ಮುಳ್ಳು ತೆಗೆಯಲು ಗುಂಡಿಗೆ ಕೈಯೂರಿದ್ದರು, ಜಗತ್ತೇ ವಾಲಿತು. ಬಿಪಿ ಗುಳಿಗೆ ತಪ್ಪಿಸಿದ್ದಕ್ಕೆ ಹೀಗಾಯಿತೆಂದು ಕೆಳಗೆ ಕೂತು ಸುಧಾರಿಸಿಕೊಂಡರು. ಮತ್ತೆ ಎದ್ದು ಮುಟ್ಟಿದರು. ಕಲ್ಲು ಮತ್ತೆ ತೂಗಿತು. ತನ್ನ ಕೈಗೆ ಜಗ್ಗಿದ ಮೊದಲ ವಸ್ತು ಅಂದರೆ ಇಷ್ಟು ದೊಡ್ಡದು ಎಂದು ಆ ಮನುಷ್ಯ ಅಲ್ಲೇ ಒಬ್ಬರೇ ನಕ್ಕರಂತೆ.

ತೊಂದರೆಯೇನೆಂದರೆ ಮರುದಿನ ಹೋದಾಗ ಆ ಜಾಗ ಸಿಗಲಿಲ್ಲ. ಕುರಿ ಕಾಯುವವರನ್ನು ಕೇಳಬಹುದಿತ್ತು, ಆದರೆ ಅವರ ಮಕ್ಕಳೆಲ್ಲ ಇವರ ಕ್ಲಾಸಿನಲ್ಲಿದ್ದರು. ಕೇಳುವುದು ಮಾಸ್ತರಿಕೆಗೆ ಕುಂದು. ಹುಡುಕಿ ಹುಡುಕಿ ಕಡೆಗೆ ಸಿಕ್ಕಾಗ ಸೀಮೆಸುಣ್ಣದಿಂದ ಗುರುತು ಹಾಕಿದರು. ಕುರಿಗಳು ಅದನ್ನು ಬೆನ್ನಿನಿಂದ ಒರೆಸಿ ಹಾಕಿದವು. ಬೇಗ ಹೋಗದ ಬಣ್ಣ ಯಾವುದೆಂದು ಯೋಚಿಸಿದ ಮಾಸ್ತರರಿಗೆ ತಮ್ಮ ಬಿಳಿ ಅಂಗಿಗಳ ಮೇಲಿನ ಸಾರಿನ ಕಲೆಗಳು ನೆನಪಾದವು.

ಹೀಗಾಗಿ ಶನಿವಾರ ಬೆಳಗಿನ ಸಾಲಿ ಮುಗಿಸಿ, ಮನೆಯ ಅರಿಷಿಣ ಪುಡಿಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಗುಡ್ಡ ಹತ್ತಿದರು. ಜಾಗ ಹುಡುಕಿ, ಪುಡಿ ಕಲಸಿ, ಅಲ್ಲಿ ಅಂಗೈ ಒತ್ತಿ ಅಚ್ಚು ಮೂಡಿಸಿದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಗಾಳಿ ಬೀಸಿ ಪೊಟ್ಟಣ ಹಾರಿತು. ಗುಂಡಿನ ನೆತ್ತಿಯಿಂದ ಬುಡದವರೆಗೆ ಅರಿಷಿಣ. ಬೆನ್ನು ತಿಕ್ಕಲು ತನ್ನ ಪಾಳಿಗೆ ಕಾಯುತ್ತ ನಿಂತಿದ್ದ ಕರಿ ಟಗರಿನ ಮೇಲೂ ಅರಿಷಿಣ. ಮಾಸ್ತರರು ತಮ್ಮ ಅಂಗಿ ಜಾಡಿಸಿಕೊಂಡು, ಕೆಲಸ ಚಲೋ ಆಯಿತೆಂದು ಮನೆಗೆ ಬಂದರು.

ಸಿದ್ದನಗೇರಿಯ ಮುಕ್ಕಾಲು ಪಾಲು ಜನ ಕುರಿಗಾರರ ದೇವರು ಬೀರಪ್ಪನ ಒಕ್ಕಲು. ಅವರಿಗೆ ಅರಿಷಿಣ ಪುಡಿ ಅಂದರೆ ಭಂಡಾರ, ಭಂಡಾರ ಬಿದ್ದಲ್ಲಿ ದೇವರು. ಭಂಡಾರ ಬಿದ್ದ ಕಲ್ಲಿಗೆ ಬೆನ್ನು ಕೊಡುವಂತಿಲ್ಲ. ಭಂಡಾರ ಬಿದ್ದ ಟಗರು ದೇವರ ಟಗರು, ಅದನ್ನು ಮಾರುವಂತಿಲ್ಲ, ಅದು ಹೊರಟ ದಾರಿಗೆ ಯಾರೂ ಅಡ್ಡ ನಿಲ್ಲುವಂತಿಲ್ಲ. ಈ ಊರಿನ ಮಕ್ಕಳಿಗೆ ಇಷ್ಟು ವರ್ಷ ಚಾಲುಕ್ಯರ ಪಾಠ ಹೇಳಿದ ಮಾಸ್ತರರು, ಆ ಮಕ್ಕಳು ಹಣೆಗೆ ಹಚ್ಚಿಕೊಂಡು ಬರುವುದು ಏನೆಂದು ಒಮ್ಮೆಯೂ ಕೇಳಿರಲಿಲ್ಲ.

ಐತವಾರ ಬೆಳಿಗ್ಗೆ ತಬಸುಮಳ ಗಂಡ ರಾಜಮಹ್ಮದನ ಆಟೋದಲ್ಲಿ ಹೊರಟೆವು. ಹಿಂದೆ ಮಾಸ್ತರರು ಮತ್ತು ಮಥುರಾಬಾಯಿ, ಅವರ ತೊಡೆಯ ಮೇಲೆ ಶೇಂಗಾ ಹೋಳಿಗೆಯ ಬುತ್ತಿ. ಮುಂದೆ ರಾಜಮಹ್ಮದನ ಪಕ್ಕ ಅರ್ಧ ಸೀಟಿನಲ್ಲಿ ನಾನು. ನನ್ನನ್ನು ಯಾರೂ ಕರೆದಿರಲಿಲ್ಲ, ಆದರೆ ಇಂಥ ಕೆಲಸಕ್ಕೆ ಸಾಕ್ಷಿ ಬೇಕಾಗುತ್ತದೆ. ದಾರಿಯುದ್ದಕ್ಕೂ ಮಥುರಾಬಾಯಿ ಅರಿಷಿಣದ ಡಬ್ಬಿ ಇದ್ದಕ್ಕಿದ್ದಂತೆ ಹೇಗೆ ಖಾಲಿಯಾಯಿತೆಂದು ಕೇಳುತ್ತಿದ್ದರು. ಮಾಸ್ತರರು ಗುಡ್ಡಗಳ ಸೌಂದರ್ಯ ನೋಡುತ್ತಿದ್ದರು.

ಸಿದ್ದನಗೇರಿ ಹತ್ತಿರವಾದಂತೆ ಡೊಳ್ಳಿನ ಸದ್ದು ಕೇಳಿಸಿತು. ಊರೊಳಗೆ ನರಪಿಳ್ಳೆಯಿಲ್ಲ, ಗುಡ್ಡದ ಮೇಲೆ ಇರುವೆ ಸಾಲಿನಂತೆ ಜನ. ಎಲ್ಲರ ಹಣೆ ಹಳದಿ. ಗುಂಡಿನ ಸುತ್ತ ಹಗ್ಗ ಕಟ್ಟಿದ್ದರು, ಕಾಯಿ ಒಡೆದಿದ್ದರು. ಕರಿ ಟಗರು ಕೊರಳಲ್ಲಿ ಚೆಂಡುಹೂವಿನ ಮಾಲೆ ಹಾಕಿಕೊಂಡು, ಬೇರೆಯವರ ಮಾಲೆ ತಿನ್ನುತ್ತ ಅಡ್ಡಾಡುತ್ತಿತ್ತು. ಮಾಸ್ತರರು ಮಥುರಾಬಾಯಿಯ ಹಿಂದೆ ಸರಿದು ನಿಂತರು.

ಬೀರಪ್ಪನ ಪೂಜಾರಿ ಅಮಸಿದ್ದಪ್ಪ ಬಂದವರ ಹಣೆಗೆಲ್ಲ ಗುಂಡಿನ ಮೇಲಿನ ಭಂಡಾರವನ್ನೇ ಬಳಿದು ಹಚ್ಚುತ್ತಿದ್ದ. ತಲೆಗೆ ಬಿಳಿ ಪಟಕಾ, ಹೆಗಲ ಮೇಲೆ ಕರಿ ಕಂಬಳಿ, ಧ್ವನಿ ಮೂರು ಹೊಲದಾಚೆ ಕೇಳಿಸುವಂಥದು. ಯಾರ ಕಣ್ಣಿಗೂ ಬೀಳದೆ ದೇವರೇ ಬಂದು ಭಂಡಾರ ಆಡಿಹೋಗಿದ್ದಾನೆ, ಇದಕ್ಕೊಂದು ಸುವಾಸನೆ ಬೇರೆ ಇದೆ, ಇಂಥ ಭಂಡಾರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದ. ಟಗರು ಅವನದೇ. ಅಮೀನಗಡದ ಸಂತೆಗೆ ಒಯ್ಯಲು ಸಾಕಿದ್ದನ್ನು ತುಟಿಪಿಟಕ್ಕೆನ್ನದೆ ದೇವರಿಗೆ ಬಿಟ್ಟಿದ್ದ.

ಮಥುರಾಬಾಯಿಯ ಹಣೆಗೂ ಹಚ್ಚಿದ. ಅವರು ಭಕ್ತಿಯಿಂದ ಕಣ್ಣು ಮುಚ್ಚಿದರು, ಮೂಗು ಅರಳಿಸಿದರು, ಕಣ್ಣು ತೆರೆದರು.

"ಏನ್ರೀ," ಎಂದರು ಗಂಡನಿಗೆ. "ಈ ಭಂಡಾರಕ್ಕ ಇಂಗಿನ ವಾಸನಿ ಬರ್ಲಿಕ್ಹತ್ತದ."

ಅವರ ಮನೆಯ ಅರಿಷಿಣದ ಡಬ್ಬಿಯಲ್ಲಿ ಮೊದಲು ಇಂಗು ಇರುತ್ತಿತ್ತು. ಆ ವಾಸನೆ ಎಷ್ಟು ತೊಳೆದರೂ ಹೋಗಿರಲಿಲ್ಲ, ಓಣಿಗೆಲ್ಲ ಗೊತ್ತಿದ್ದ ವಿಷಯ. ಹೆಂಡತಿಯ ನೋಟ ಎದುರಿಸಲಾಗದೆ ಮಾಸ್ತರರು ಅಮಸಿದ್ದಪ್ಪನ ಕಡೆ ತಿರುಗಿದರು. ಅದೇ ಹೊತ್ತಿಗೆ ಅಮಸಿದ್ದಪ್ಪ ಊರಿಗೆಲ್ಲ ಕಟ್ಟಳೆ ಸಾರುತ್ತಿದ್ದ. ಭಂಡಾರ ಹಾಕಿದವನು ಮನುಷ್ಯನಾಗಿದ್ದರೆ ಮುಂದೆ ಬಂದು ಮೊದಲು ಅವನೇ ಗುಂಡು ಮುಟ್ಟಬೇಕು. ಯಾರೂ ಬರದಿದ್ದರೆ ಹಾಕಿದವನು ದೇವರೇ ಎಂದಾಯಿತು, ಇನ್ನು ಮೇಲೆ ನರಮನುಷ್ಯ ಅದನ್ನು ಮುಟ್ಟುವಂತಿಲ್ಲ.

ಮಾಸ್ತರರು ಸುಮ್ಮನಿದ್ದರೆ ಊರಿನ ಮುಂದೆ ಮಾನ ಉಳಿಯುತ್ತದೆ, ಆದರೆ ಕಲ್ಲು ತೂಗಿಸಿ ತೋರಿಸುವ ದಾರಿ ಮುಚ್ಚುತ್ತದೆ. ಮನೆಯಲ್ಲಿ ಆ 'ಪಾಪ' ಶಾಶ್ವತವಾಗುತ್ತದೆ. ಅವರು ಎರಡು ಸಲ ಕೆಮ್ಮಿದರು.

"ಅಮಸಿದ್ದಪ್ಪ, ಅದನ್ನ ಹಾಕಿದಾಂವ ನಾನ."

ಡೊಳ್ಳು ನಿಂತಿತು. ಬಡಿತ ತಿನ್ನುವ ಪ್ರಸಂಗ ಬಂತೆಂದು ರಾಜಮಹ್ಮದ ಆಟೋದ ಚಾವಿ ಕೈಗೆ ತೆಗೆದುಕೊಂಡ. ಮಾಸ್ತರರು ಅವಸರದಿಂದ ಎಲ್ಲ ಬಿಡಿಸಿ ಹೇಳಿದರು. ತನಗೆ ಜಾಗ ನೆನಪಿರುವುದಿಲ್ಲ, ಬರೀ ಗುರುತಿಗೆಂದು ಹಾಕಿದ್ದು, ಉಳಿದದ್ದು ಗಾಳಿಗೆ ಹಾರಿತು, ಪುಡಿ ಅಡಿಗೆಮನೆಯದು ಎಂದು.

ಅಮಸಿದ್ದಪ್ಪ ಕೈಮುಗಿದ. "ನೀವೆಲ್ಲಿ ಹಾಕಿದ್ರಿ ಮಾಸ್ತರ್ರ? ಹಾಕಿಸಿದಾಂವ ಬ್ಯಾರೆ ಅದಾನ. ಆ ಗಾಳಿ ಯಾರದು ಅಂತ ತಿಳದೀರಿ?"

ಇಂಥ ಪ್ರಶ್ನೆಗೆ ಸಮಾಜ ವಿಜ್ಞಾನದಲ್ಲಿ ಉತ್ತರವಿಲ್ಲ. ಮಾಸ್ತರರು ಎಷ್ಟು ಬಿಡಿಸಿ ಹೇಳಿದರೋ ಅಷ್ಟೂ ಪವಾಡವಾಗುತ್ತ ಹೋಯಿತು. ಅಡಿಗೆಮನೆಯದು ಎಂದ ತಕ್ಷಣ ಹೆಂಗಸರೆಲ್ಲ ಭಂಡಾರ ಕೊಟ್ಟ ತಾಯಿ ಎಂದು ಮಥುರಾಬಾಯಿಯ ಕಾಲಿಗೆ ಬಿದ್ದರು. ಡಬ್ಬಿಯ ವಿಷಯಕ್ಕೆ ಜಗಳ ತೆಗೆಯಲು ಬಾಯಿ ತೆರೆದಿದ್ದ ಮಥುರಾಬಾಯಿ ಅದೇ ಬಾಯಿಂದ ಆಶೀರ್ವಾದ ಮಾಡಬೇಕಾಯಿತು. ಮಾಡಿದರು, ಮತ್ತು ಚೆನ್ನಾಗಿಯೇ ಮಾಡಿದರು.

ಅಮಸಿದ್ದಪ್ಪ ತನ್ನ ಕಂಬಳಿ ತೆಗೆದು ಮಾಸ್ತರರ ಹೆಗಲಿಗೆ ಹೊದಿಸಿ, ಕೊರಳಿಗೆ ಮಾಲೆ ಹಾಕಿದ. ಕಂಬಳಿ ಹೊದ್ದವನು ಗುಂಡು ಮುಟ್ಟುವ ಮೊದಲು ದೇವರ ಹೇಳಿಕೆ ನುಡಿಯಬೇಕು. ಒಂದೇ ಮಾತು. ಅದನ್ನು ಹಿಡಿದು ಹಿರಿಯರು ಆ ವರ್ಷದ ಮಳೆಬೆಳೆ ತಿಳಿಯುತ್ತಾರೆ. ಜನ ಉಸಿರು ಬಿಗಿಹಿಡಿದು ನಿಂತರು. ಮಾಸ್ತರರ ನೆತ್ತಿಯ ಮೇಲೆ ಕೂದಲಿಲ್ಲ, ಮಟಮಟ ಮಧ್ಯಾಹ್ನ, ಮೈಮೇಲೆ ಉಣ್ಣೆ. ಪುಲಿಕೇಶಿಯ ಮೇಲೆ ಮುಕ್ಕಾಲು ತಾಸು ನೀರು ಕುಡಿಯದೆ ಮಾತಾಡಬಲ್ಲ ಮನುಷ್ಯನಿಗೆ ಒಂದು ಮಾತೂ ಹೊರಡಲಿಲ್ಲ. ಬಿಸಿಲಿಗೆ ಕಣ್ಣು ಕತ್ತಲೆ ಬಂದು, ಗುಂಪಿನಲ್ಲಿ ಹೆಂಡತಿಯನ್ನು ಹುಡುಕಿ, ದಿನಾ ಮನೆ ಬಿಡುವಾಗ ಕೇಳುವುದನ್ನೇ ಕೇಳಿದರು.

"ಮಥುರಾ, ನನ್ನ ಕೊಡಿ ಎಲ್ಲಿಟ್ಟಿ?"

ನನ್ನ ಪಕ್ಕದ ಮುದುಕನೊಬ್ಬ ಕಣ್ಣೀರು ಹಾಕಿದ. ದೇವರೇ ಕೊಡೆ ಕೇಳಿದನೆಂದ ಮೇಲೆ ಈ ಸಲ ಮಳೆ ಯಾವ ಪರಿ ಇರಬಹುದು. ಚಾಂಗಭಲೋ ಎಂಬ ಜೈಕಾರ ಗುಡ್ಡಕ್ಕೆ ಬಡಿದು ವಾಪಸ್ಸು ಬಂತು. ಕೆಲವರು ಬೀಜದ ಚೀಲ ಬಿಚ್ಚಲು ಆಗಲೇ ಮನೆ ಕಡೆ ಓಡಿದರು. ಆಕಾಶದಲ್ಲಿ ಅಂಗೈಯಗಲ ಮೋಡವೂ ಇರಲಿಲ್ಲ.

ಇನ್ನು ಮಾಸ್ತರರು ಗುಂಡು ಮುಟ್ಟುವುದೊಂದು ಬಾಕಿ. ಕಿರುಬೆರಳು ನೆಟ್ಟಗೆ ಮಾಡಿ, ಹೆಂಡತಿ ನೋಡುತ್ತಿದ್ದಾಳೆಂದು ಖಾತ್ರಿ ಮಾಡಿಕೊಂಡು, ಹಳದಿ ಅಂಗೈ ಅಚ್ಚಿನ ಕಡೆ ಹೆಜ್ಜೆ ಇಟ್ಟರು. ಅಷ್ಟರಲ್ಲಿ ಕೆಳಗಿನಿಂದ ಜೀಪು ಬಂತು. ಜೀಪಿನ ಹಿಂದೆ ಸಿಮೆಂಟಿನ ಚೀಲ ಹೇರಿದ ಟ್ರ್ಯಾಕ್ಟರ್, ಅದರ ಹಿಂದೆ ಕಾಂಕ್ರೀಟ್ ಕಲಸುವ ಯಂತ್ರ.

ಇಳಿದವನು ಬಾಗಲಕೋಟೆಯ ಯಾವುದೋ ಕಚೇರಿಯ ಇಂಜಿನಿಯರ್ ಪ್ರಭುಲಿಂಗ. ಬಹಳ ಸಭ್ಯ. ಸಿಟ್ಟಿನ ಅಧಿಕಾರಿಯನ್ನು ಹೇಗಾದರೂ ಸಂಭಾಳಿಸಬಹುದು, ಸಭ್ಯ ಅಧಿಕಾರಿಯನ್ನು ಏನೂ ಮಾಡಲಾಗುವುದಿಲ್ಲ. ಬೆಳಿಗ್ಗೆಯಿಂದ ಜನಜಂಗುಳಿಯ ವಿಡಿಯೋ, ಕಲ್ಲು ತೂಗುತ್ತದೆಂಬ ಸುದ್ದಿಯ ಜೊತೆ, ಫೋನಿನಿಂದ ಫೋನಿಗೆ ಹೋಗಿ ಅವನ ಸಾಹೇಬರನ್ನೂ ಮುಟ್ಟಿತ್ತು. ಇಷ್ಟು ಜನರ ನಡುವೆ ಇಷ್ಟು ಭಾರದ ಕಲ್ಲು ತೂಗುತ್ತದೆಂದರೆ ಅಪಾಯ, ತೂಗುವುದು ಖರೆಯಾದರೆ ಬುಡಕ್ಕೆ ಇವತ್ತೇ ಸಿಮೆಂಟು ತುಂಬಿ ಬಿಗಿ ಮಾಡುತ್ತೇನೆ, ತೂಗದಿದ್ದರೆ ಹಾಗೇ ಬರೆದುಕೊಂಡು ಹೋಗುತ್ತೇನೆ ಎಂದು ಕೈಮುಗಿದು ಹೇಳಿದ.

ಡೊಳ್ಳು ಎರಡನೆಯ ಸಲ ನಿಂತಿತು. ಅಮಸಿದ್ದಪ್ಪ ಮುಂದೆ ಬಂದ. ಆ ಮೂರು ಹೊಲದಾಚೆಯ ಧ್ವನಿ ಎಲ್ಲಿ ಹೋಗಿತ್ತೋ.

"ಇದು ಅಳ್ಳಾಡೂದಿಲ್ರಿ ಸಾಹೇಬ್ರ. ಕಲ್ಲು ಎಲ್ಲ್ಯರೆ ಅಳ್ಳಾಡ್ತಾವೇನ್ರಿ?"

ಹುಟ್ಟಿದಾಗಿನಿಂದ ಅದಕ್ಕೆ ಬೆನ್ನು ಕೊಟ್ಟು ತೂಗಿಸಿಕೊಂಡು ಮಲಗಿದ ಊರಿಗೆ ಊರೇ ಹೌದೆಂದು ತಲೆಯಾಡಿಸಿತು. ತಲೆಗಳು ಅಳ್ಳಾಡಿದಷ್ಟು ಆ ಹೊತ್ತು ಅಲ್ಲಿ ಬೇರೇನೂ ಅಳ್ಳಾಡಲಿಲ್ಲ. ಪ್ರಭುಲಿಂಗ ಒಪ್ಪಲಿಲ್ಲ. ಪರೀಕ್ಷೆ ಮಾಡಲೇಬೇಕು, ಊರವರು ನೂಕಿದರೆ ನಂಬುವುದು ಕಷ್ಟ, ಮಾಸ್ತರರು ಹೇಗಿದ್ದರೂ ಸರಕಾರಿ ನೌಕರರು, ಅವರೇ ನೂಕಲಿ ಎಂದ. ಒಂದು ಪ್ಲಾಸ್ಟಿಕ್ ಗ್ಲಾಸಿಗೆ ಕಂಠದ ಮಟ ನೀರು ತುಂಬಿ ಗುಂಡಿನ ಅಂಚಿನ ಮೇಲೆ ಇಟ್ಟ. ನೀರು ತುಳುಕಿದರೆ ಸಿಮೆಂಟು.

ಬಿಸಿತುಪ್ಪ ಉಗುಳುವಂತಿಲ್ಲ, ನುಂಗುವಂತಿಲ್ಲ. ಅಂಗೈ ಅಚ್ಚಿನ ಮೇಲೆ ಕಿರುಬೆರಳಿಟ್ಟರೆ ಮಾಸ್ತರರ ಜನ್ಮ ಸಾರ್ಥಕ. ಹೆಂಡತಿ ನೋಡುತ್ತಾಳೆ, ಓಣಿ ನೋಡುತ್ತದೆ. ಆದರೆ ಸಾವಿರ ವರ್ಷ ತೂಗಿದ ಕಲ್ಲು ಸಂಜೆಯೊಳಗೆ ಸಿಮೆಂಟಿನಲ್ಲಿ ಸಿಕ್ಕಿ ಸಾಯುತ್ತದೆ. ಇಡದಿದ್ದರೆ ಕಲ್ಲು ಬದುಕುತ್ತದೆ, ಮಾಸ್ತರರು ಸುಳ್ಳರಾಗುತ್ತಾರೆ. ಅಮಸಿದ್ದಪ್ಪ ಅವರನ್ನೇ ನೋಡುತ್ತಿದ್ದ. ಮಥುರಾಬಾಯಿಯೂ ನೋಡುತ್ತಿದ್ದರು, ಮತ್ತು ಅವರ ಮುಖದಲ್ಲಿ, ನಾನು ಕಂಡದ್ದನ್ನೇ ಹೇಳುತ್ತೇನೆ, ಆಸೆ ಇತ್ತು.

ಮಾಸ್ತರರು ಅಚ್ಚಿನಿಂದ ಒಂದು ಮೊಳ ಎಡಕ್ಕೆ ಸರಿದು ನಿಂತರು. ಎರಡೂ ಕೈ ಊರಿ ನೂಕಿದರು. ಹೂಂಕರಿಸಿದರು. ಕಂಬಳಿ ಒಂದು ಹೆಗಲಿನಿಂದ ಜಾರಿತು, ಮಾಲೆ ಹರಿಯಿತು, ಕಾಲು ಹಿಂದಕ್ಕೆ ಜಾರಿ ಬಂಡೆಯ ಮೇಲೆ ಮೊಣಕಾಲೂರಿದರು, ಎದ್ದು ಮತ್ತೆ ನೂಕಿದರು. ಗ್ಲಾಸಿನ ನೀರಿನಲ್ಲಿ ಒಂದು ಗೆರೆಯೂ ಏಳಲಿಲ್ಲ. ಮಥುರಾಬಾಯಿಯ ಮುಖದ ಆಸೆ ಆರಿ, ಹಳೆಯ 'ಪಾಪ' ಬಂದು ಕೂತಿತು. ನನಗೆ ನೋಡಲಾಗಲಿಲ್ಲ.

ಪ್ರಭುಲಿಂಗ ಸಮಾಧಾನದಿಂದ ಪೆನ್ನು ತೆಗೆದ. ಅಷ್ಟರಲ್ಲಿ ಜನ ದಾರಿ ಬಿಟ್ಟರು. ಕರಿ ಟಗರು ಬರುತ್ತಿತ್ತು.

ಅದಕ್ಕೆ ದೇವರಾದ ಮೇಲೂ ಬೆನ್ನು ತುರಿಸುವುದು ನಿಂತಿರಲಿಲ್ಲ. ದಿನಾ ತಿಕ್ಕಿಕೊಳ್ಳುವ ಜಾಗ, ಅಂದರೆ ಅದೇ ಅಂಗೈ ಅಚ್ಚು, ಅದರ ಕಡೆಗೇ ಗಂಭೀರವಾಗಿ ನಡೆದು ಬಂತು. ಊರವರು ಅಡ್ಡ ನಿಲ್ಲುವಂತಿಲ್ಲ, ಅದು ದೇವರ ಟಗರು. ನಿನ್ನೆಯಾಗಿದ್ದರೆ ಅಮಸಿದ್ದಪ್ಪ ಕೋಡು ಹಿಡಿದು ಎಳೆಯುತ್ತಿದ್ದ, ಇವತ್ತು ಕಣ್ಣು ಮುಚ್ಚಿಕೊಂಡ.

ಮಥುರಾಬಾಯಿ ಟಗರನ್ನು ನೋಡಿದರು. ಅದು ಹೊರಟ ಕಡೆ ಹಳದಿ ಅಚ್ಚನ್ನು ನೋಡಿದರು. ಆ ಅಚ್ಚು ಬಿಟ್ಟು ಒಂದು ಮೊಳ ದೂರ ನಿಂತಿದ್ದ ಗಂಡನನ್ನು ನೋಡಿದರು. ಮತ್ತೆ ಅಚ್ಚನ್ನು ನೋಡಿದರು. ಹೊಸ ಅಂಗೈ ಅಚ್ಚು, ಉಂಗುರ ಬೆರಳು ಸೊಟ್ಟ, ಅವರಿಗೆ ಗೊತ್ತಿದ್ದ ಕೈ.

ಹಗ್ಗದ ಕೆಳಗೆ ನುಸುಳಿ ಹೋಗಿ, ಬುತ್ತಿ ಬಿಚ್ಚಿ, ಟಗರಿನ ಮೂಗಿನ ಮುಂದೆ ಒಂದು ಶೇಂಗಾ ಹೋಳಿಗೆ ಹಿಡಿದರು. ಟಗರು ನಿಂತು ತಿಂದಿತು. ತಿಂದು ಕಲ್ಲಿನ ಕಡೆ ಹೆಜ್ಜೆ ಹಾಕಿತು. ಇನ್ನೊಂದು ಹಿಡಿದರು. ಇದೇನೆಂದು ಪ್ರಭುಲಿಂಗ ಕೇಳಿದ.

"ನೈವೇದ್ಯ ರೀ. ನೀವು ನಿಮ್ಮ ಕೆಲಸ ಮುಗಸ್ರಿ," ಎಂದರು ಮಥುರಾಬಾಯಿ, ತಿರುಗಿ ನೋಡದೆ.

ಪ್ರಭುಲಿಂಗನ ಅಕ್ಷರ ದುಂಡಗೆ ಮತ್ತು ನಿಧಾನ. ಕಲ್ಲು ಸ್ಥಿರವಾಗಿದೆ ಎಂದು ಬರೆದು ಸಹಿ ಮಾಡುವಷ್ಟರಲ್ಲಿ ಬುತ್ತಿಯ ಅರ್ಧ ಹೋಳಿಗೆ ಹೋಗಿತ್ತು, ಸೀಲು ಹುಡುಕುವಷ್ಟರಲ್ಲಿ ಉಳಿದರ್ಧ ಹೋಯಿತು. ಕಡೆಯ ತುಣುಕನ್ನು ಮಥುರಾಬಾಯಿ ಚೂರು ಚೂರು ಮಾಡಿ ತಿನ್ನಿಸಿದರು. ಬಿಸಿಲಲ್ಲಿ ದಣಿದ ಪ್ರಭುಲಿಂಗ ಗುಂಡಿನ ಮೇಲಿನ ಗ್ಲಾಸು ಎತ್ತಿ ನೀರು ಕುಡಿದು, ಎಲ್ಲರಿಗೂ ನಮಸ್ಕಾರ ಹೇಳಿ, ಜೀಪು ಹತ್ತಿದ. ಜೀಪಿನ ಧೂಳು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೆ ಊರಿನವರು ಉಸಿರಾಡಲಿಲ್ಲ. ಮರೆಯಾದ ಮೇಲೆ ಡೊಳ್ಳು ಬಡಿದ ಪರಿ ನೋಡಿದರೆ ಅವನಿಗೆ ಬಾಗಲಕೋಟೆಯಲ್ಲೂ ಕೇಳಿಸಿರಬೇಕು.

ಈಗಲಾದರೂ ತೂಗಿಸಿ ತೋರಿಸಬಹುದೆಂದು ಮಾಸ್ತರರು ಕಿರುಬೆರಳು ಎತ್ತಿದರು. ಅಮಸಿದ್ದಪ್ಪ ತಡೆದ. "ಬ್ಯಾಡ್ರಿ ಮಾಸ್ತರ್ರ. ಇವತ್ತ ನಾವ ಅದಕ್ಕ ಬರೇ ಕಲ್ಲು ಅಂದೀವಿ. ಇವತ್ತೊಂದಿನ ಅದನ್ನ ಮುಟ್ಟೂ ಮುಖ ನಮಗಿಲ್ಲ."

ಮಾಸ್ತರರು ಬೆರಳು ಮಡಚಿಕೊಂಡರು. ಬೆನ್ನು ತುರಿಸುವು‌ದನ್ನು ಹೋಳಿಗೆಯಲ್ಲಿ ಮರೆತಿದ್ದ ಟಗರು ಆಗಲೇ ನಿದ್ದೆ ಹೋಗಿತ್ತು.

ಮತ್ತೆ ಆಟೋ ಹತ್ತಿ ಬದಾಮಿಯ ಕಡೆ ಹೊರಟೆವು. ಕಂಬಳಿ ವಾಪಸ್ಸು ಕೊಡುವುದನ್ನು ಮಾಸ್ತರರು ಮರೆತು ಹೊದ್ದುಕೊಂಡೇ ಕೂತಿದ್ದರು. ರಾಜಮಹ್ಮದ ಕನ್ನಡಿಯಲ್ಲಿ ಅವರನ್ನು ನೋಡಿ, ಕಲ್ಲು ಭಾಳ ಗಟ್ಟಿ ಇತ್ತೇನ್ರಿ ಎಂದು ಕೆಣಕಿದ. ಮಾಸ್ತರರು ಹೂಂ ಎಂದರು. ನಾನು ನಗುವುದೋ ಬೇಡವೋ ಎಂದು ನಿರ್ಧರಿಸುವಷ್ಟರಲ್ಲಿ ಹಿಂದಿನಿಂದ ಮಥುರಾಬಾಯಿಯ ದನಿ ಕೇಳಿಸಿತು. ಮೆತ್ತಗೆ ಮಾತಾಡಿದರೆ ಮುಂದಿನವರಿಗೆ ಕೇಳಿಸುವುದಿಲ್ಲವೆಂದು ಅವರ ನಂಬಿಕೆ, ಆಟೋ ಎಷ್ಟು ಸಣ್ಣದೆಂದು ಅವರು ಲೆಕ್ಕ ಹಾಕಿರಲಿಲ್ಲ.

"ಖರೇನ ಜೋರ ಹಾಕಿದ್ರ ನೀವು ನಾಲಿಗಿ ಕಚ್ಚಿ ಹಿಡೀತೀರಿ. ಇವತ್ತ ಬಾಯಿ ಮುಚ್ಚಿತ್ತು."

ಮಾಸ್ತರರು ಕೆಮ್ಮಿದರು.

"ಅಷ್ಟ ಮಂದಿ ಮುಂದ ನಗಿಗೀಡಾದ್ರಿ, ಒಂದ ಕಲ್ಲಿನ ಸಲುವಾಗಿ."

"ಭಾಳ ಚಂದ ತೂಗ್ತದ ಮಥುರಾ," ಎಂದರು ಮಾಸ್ತರರು. "ನೀ ನೋಡಿಲ್ಲ."

"ಮುಂದಿನ ಐತವಾರ ಬರೂಣು. ನಾನ ಮುಟ್ಟತೇನಿ, ನೀವು ನನ್ನ ಕೈ ಹಿಡದು ಜಾಗಾ ತೋರಸ್ರಿ. ಬಸ್ಸಿಗೆ ಬರೂಣು, ಈ ಇಬ್ಬರು ಬ್ಯಾಡ."

ಈ ಮಾತಿಗೆ ರಾಜಮಹ್ಮದ ಆಟೋ ನಿಲ್ಲಿಸಿಯೇಬಿಟ್ಟ. ಬೆಳಗಿನಿಂದ ಬಿಸಿಲಲ್ಲಿ ಸಾಕ್ಷಿಯಾಗಿ ನಿಂತ ನನಗೂ ಕೆಟ್ಟ ಸಿಟ್ಟು ಬಂತು. ಇಬ್ಬರೂ ಒಟ್ಟಿಗೆ ಜಗಳಕ್ಕೆ ಹಿಂದೆ ತಿರುಗಿದೆವು. ಜೂನ್ ತಿಂಗಳ ಆ ಉರಿಯಲ್ಲಿ ಗಂಡ ಹೆಂಡತಿ ಒಂದೇ ಕಂಬಳಿ ಹೊದ್ದುಕೊಂಡು, ಒಬ್ಬರು ಆ ಕಡೆಯ ಗುಡ್ಡ, ಇನ್ನೊಬ್ಬರು ಈ ಕಡೆಯ ಗುಡ್ಡ ನೋಡುತ್ತ, ನಗು ತಡೆಯಲಾಗದೆ ಕೂತಿದ್ದರು.

ಗಾಡಿ ಬಿಡೋ ಮಾರಾಯ ಎಂದೆ ರಾಜಮಹ್ಮದನಿಗೆ. ಅವನು ಕನ್ನಡಿಯನ್ನು ಆಕಾಶದ ಕಡೆ ತಿರುಗಿಸಿ ಗಾಡಿ ಬಿಟ್ಟ.